ಚಿನ್ನದ ಚಿಪ್ ಎರಡನೇ ಸಲಕ್ಕೆ ಕೈಕೊಡುತ್ತದೆ: ತೊಳೆಯುವ ಸರಿಯಾದ ಕ್ರಮ ಯಾವುದು?

ಪೆರ್ಲದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಊರು ಕಾಸರಗೋಡಿನ ಪೆರ್ಲ, ಎಣ್ಮಕಜೆ ಪಂಚಾಯತು. ಬಾವಿ ನೀರಿನಲ್ಲಿ ಕೀಟನಾಶಕ ಉಂಟಾ ಇಲ್ವಾ ಎಂದು ಊರಲ್ಲೇ ನೋಡುವಂಥ ಒಂದು ಸೆನ್ಸರ್ ಮಾಡಬೇಕೆಂಬುದು ನನ್ನ ಪ್ರಾಜೆಕ್ಟ್. ಗೇರು ತೋಟಕ್ಕೆ ಬಿಟ್ಟ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನೊಂದ ನಮ್ಮ ಕಡೆಯವರಿಗೆ ಇದು ಯಾಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಸೆನ್ಸರ್ ಹೀಗಿದೆ. ಗಾಜಿನ ಮೇಲೆ 100 ನ್ಯಾನೋಮೀಟರ್ ದಪ್ಪದ ಚಿನ್ನ. ಅದು ಅಂಟಿಕೊಳ್ಳಲು ಕೆಳಗೆ ಕ್ರೋಮಿಯಂನ ತೆಳು ಪದರ. ಚಿನ್ನದ ಮೇಲೆ ಸಿಸ್ಟಿಯಮೈನ್ ಎಂಬ ಗಂಧಕದ ಅಣುಗಳ ಪದರ ಕಟ್ಟಿ, ಜೋಡಿಸಲು ಗ್ಲುಟರಾಲ್ಡಿಹೈಡ್ ಕೊಟ್ಟು, ಅಸಿಟೈಲ್‌ಕೋಲಿನೆಸ್ಟರೇಸ್ ಎಂಜೈಮ್ ಕೂರಿಸುತ್ತೇನೆ. ಅಸಿಟೈಲ್‌ಥಯೋಕೋಲಿನ್ ಹಾಕಿದರೆ ಎಂಜೈಮ್ ಅದನ್ನು ಒಡೆದು ಥಯೋಕೋಲಿನ್ ಮಾಡುತ್ತದೆ. ಆ ಥಯೋಕೋಲಿನ್ 0.7 ವೋಲ್ಟ್‌ನಲ್ಲಿ ಆಕ್ಸಿಡೈಸ್ ಆಗುವಾಗ ಬರುವ ಕರೆಂಟನ್ನು ಅಳೆಯುತ್ತೇನೆ. ನೀರಿನಲ್ಲಿ ಕೀಟನಾಶಕ ಇದ್ದರೆ ಎಂಜೈಮ್ ಕೆಲಸ ನಿಲ್ಲಿಸುತ್ತದೆ, ಕರೆಂಟ್ ಇಳಿಯುತ್ತದೆ.

ಮೊದಲ ಸಲ ಚೆನ್ನಾಗಿ ಬರುತ್ತದೆ. ಚಿಪ್ ತೊಳೆದು ಮತ್ತೆ ಪದರ ಕಟ್ಟಿದರೆ ಕರೆಂಟ್ ಅರ್ಧಕ್ಕರ್ಧ ಕಡಿಮೆ. ಫೆರಿಸಯನೈಡ್‌ನಲ್ಲಿ ಸಿವಿ (ವೋಲ್ಟೇಜನ್ನು ಏರಿಸಿ ಇಳಿಸಿ ಕರೆಂಟಿನ ಗೆರೆ ತೆಗೆಯುವ ಸ್ಕ್ಯಾನ್) ತೆಗೆದು ನೋಡಿದೆ. ಹೊಸ ಚಿಪ್‌ನಲ್ಲಿ ಎರಡು ಪೀಕ್‌ಗಳ ನಡುವೆ 75 ಮಿಲಿವೋಲ್ಟ್ ಅಂತರ. ತೊಳೆದ ಚಿಪ್‌ನಲ್ಲಿ 190. ಅಂತರ ಹೆಚ್ಚಿದಷ್ಟೂ ಮೇಲ್ಮೈ ಕೆಟ್ಟಿದೆ ಎಂದರ್ಥ. ತೊಳೆಯುವ ಕ್ರಮ ನಮ್ಮ ಲ್ಯಾಬಿನ ಹಳೆಯ ನೋಟ್‌ಬುಕ್‌ನಲ್ಲಿ ಇರುವುದು: ಅಳತೆಗೆ ಬಳಸುವ ಫಾಸ್ಫೇಟ್ ಸಲೈನ್ ಬಫರ್‌ನಲ್ಲೇ 1.3 ವೋಲ್ಟ್ ತನಕ ಸ್ಕ್ಯಾನ್ ಮಾಡುವುದು, ಆಮೇಲೆ ನೀರು, ಆಮೇಲೆ ಎಥನಾಲ್. ಹೀಗೆ ತೊಳೆದ ಚಿಪ್ಪನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಹಸಿರು ಹಸಿರಾಗಿ ಬೆಳಕು ದಾಟುತ್ತದೆ. ಹೊಸ ಚಿಪ್‌ನಲ್ಲಿ ಹಾಗಿಲ್ಲ.

ಪಿರಾನ್ಹಾ ಎಂಬ ಆಸಿಡ್-ಪೆರಾಕ್ಸೈಡ್ ಮಿಶ್ರಣದಲ್ಲಿ ಅದ್ದಿದರೆ ಎಲ್ಲ ಸರಿಯಾಗುತ್ತದೆ ಎಂದು ಒಬ್ಬರು ಹೇಳಿದರು. ಹೌದಾ? ಒಂದು ಚಿಪ್ಪನ್ನು ಎಷ್ಟು ಸಲ ಬಳಸಬಹುದು ಎಂದು ತಿಳಿಯುವುದು ಹೇಗೆ?

ಪುತ್ತಿಗೆ ಆಚಾರಿ:

ನಮ್ಮದು ಚಿನ್ನದ ಕೆಲಸದ ಮನೆ. ನಾನು ಓದಿದ್ದು ಡಿಪ್ಲೊಮಾ. ಸೆನ್ಸರ್ ವಿಷಯ ಗೊತ್ತಿಲ್ಲ, ಆದರೆ ಚಿನ್ನ ತೊಳೆಯುವುದು ಗೊತ್ತುಂಟು. ಅಂಗಡಿಯಲ್ಲಿ ಒಡವೆಯನ್ನು ಅಂಟುವಾಳಕಾಯಿ ನೀರಿನಲ್ಲಿ ಹಾಕಿ ಮೆತ್ತಗಿನ ಬ್ರಷ್‌ನಲ್ಲಿ ಉಜ್ಜುತ್ತೇವೆ. ಬೆಸುಗೆ ಹಾಕಿದ ಮೇಲೆ ಕಪ್ಪಾದರೆ ನೀರು ಬೆರೆಸಿದ ಆಸಿಡ್‌ನಲ್ಲಿ ಬಿಸಿ ಮಾಡುತ್ತೇವೆ.

ಒಂದು ಮಾತು. ಆ ಕಪ್ಪು ಚಿನ್ನದ್ದಲ್ಲ, ಜೊತೆಯಲ್ಲಿರುವ ತಾಮ್ರದ್ದು. 916 ಒಡವೆಯಲ್ಲಿ ಸಾವಿರಕ್ಕೆ 84 ಪಾಲು ಬೇರೆ ಲೋಹ. ನಿಮ್ಮ ಚಿಪ್ ಅಪ್ಪಟ ಚಿನ್ನ ಆಗಿದ್ದರೆ ಆಸಿಡ್ ಅದರ ಮೇಲೆ ಎಂತ ಕೆಲಸ ಮಾಡುತ್ತದೆ? ಇನ್ನೊಂದು, ಬರೀ ನೈಟ್ರಿಕ್‌ಗೆ ಚಿನ್ನ ಜಗ್ಗುವುದಿಲ್ಲ. ಉಪ್ಪಿನ ಆಸಿಡ್ ಸೇರಿದರೆ ಕರಗುತ್ತದೆ. ನಿಮ್ಮ ಬಫರ್‌ನಲ್ಲಿ ಉಪ್ಪು ಉಂಟಾ? ಅಂಚಿನಲ್ಲಿ ಬೆಳಕು ದಾಟುತ್ತದೆ ಎಂದಾಗ ನನಗೆ ಮೊದಲು ನೆನಪಾದದ್ದು ಅದು.

ಚಂದ್ರಗಿರಿ ದಡ:

ಆಚಾರಿಯವರು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾರೆ. ನಾನು ಎಲೆಕ್ಟ್ರೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇನ್ಸ್ಟ್ರುಮೆಂಟ್ ನೋಡಿಕೊಳ್ಳುವವನು. ದಿನವೂ ಮುಟ್ಟುವುದು ಇದನ್ನೇ. ಸ್ವಲ್ಪ ಉದ್ದ ಬರೆಯುತ್ತೇನೆ ತಂಗಿ, ನಿಧಾನವಾಗಿ ಓದಿ.

ಸಲೈನ್ ಬಫರ್ ಎಂದರೆ ಉಪ್ಪು ನೀರೇ. ಅದರಲ್ಲಿರುವ ಕ್ಲೋರೈಡ್ ಚಿನ್ನವನ್ನು ಹಿಡಿದುಕೊಂಡು ಕರಗಿಸುತ್ತದೆ. ಚಿನ್ನ ಬರಿದೇ ಕರಗಬೇಕಾದರೆ ಹೈಡ್ರೋಜನ್ ಎಲೆಕ್ಟ್ರೋಡ್‌ನ ಲೆಕ್ಕದಲ್ಲಿ 1.5 ವೋಲ್ಟ್ ಬೇಕು. ಕ್ಲೋರೈಡ್ ಜೊತೆಗಿದ್ದರೆ 1.0 ವೋಲ್ಟ್ ಸಾಕು. ನಿಮ್ಮ ವೋಲ್ಟೇಜಿಗೆ ಆಧಾರವಾದ ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ನ ಲೆಕ್ಕಕ್ಕೆ ತಂದರೆ 0.8ರ ಹತ್ತಿರ. ನೀವು 0.7ರಲ್ಲಿ ಅಳೆಯುವಾಗ ತೊಂದರೆ ಇಲ್ಲ. 1.3 ತನಕ ಎಳೆದಾಗ ಪ್ರತಿ ಸ್ಕ್ಯಾನ್‌ಗೂ ಸ್ವಲ್ಪ ಚಿನ್ನ ನೀರಿಗೆ ಹೋಗುತ್ತದೆ. ತೆಳು ಚಿನ್ನದ ಮೂಲಕ ಬೆಳಕು ಹಸಿರಾಗಿಯೇ ದಾಟುತ್ತದೆ. ನೀವು ಕಂಡ ಹಸಿರು ಅದೇ. ನೋಟ್‌ಬುಕ್‌ನ ಆ ಪುಟವನ್ನು ಇವತ್ತೇ ಅಡ್ಡಗೆರೆ ಎಳೆದು ಮುಚ್ಚಿ. ಇನ್ನೊಬ್ಬರು ಅದನ್ನು ನೋಡಿ ಮಾಡುವುದು ಬೇಡ.

ಆದರೆ ಅರ್ಧ ಕರೆಂಟ್ ಹೋಗಲು ಅದೊಂದೇ ಕಾರಣವಲ್ಲ. ನಿಮ್ಮ ಸೆನ್ಸರ್‌ನಲ್ಲಿ ಒಂದು ವಿಶೇಷ ತೊಡಕು ಉಂಟು. ನೀವು ಅಳೆಯುವ ಥಯೋಕೋಲಿನ್ ಕೂಡ ಒಂದು ಥಯಾಲ್, ಅಂದರೆ ಗಂಧಕದ ತುದಿ ಇರುವ ಅಣು. ಥಯಾಲ್‌ಗೆ ಚಿನ್ನ ಸಿಕ್ಕಿದರೆ ಬಿಡುವುದಿಲ್ಲ. ಸಿಸ್ಟಿಯಮೈನ್ ಕೂರುವ ಹಾಗೆಯೇ ಥಯೋಕೋಲಿನ್ ಸಹ ಖಾಲಿ ಜಾಗ ಹುಡುಕಿ ಕೂರುತ್ತದೆ. ಅಂದರೆ ನೀವು ಅಳೆಯುವ ಪ್ರತಿ ಸಲವೂ ಸೆನ್ಸರ್ ತನ್ನನ್ನು ತಾನೇ ಕೊಳೆ ಮಾಡಿಕೊಳ್ಳುತ್ತದೆ. ಅದಲ್ಲದೆ ಗ್ಲುಟರಾಲ್ಡಿಹೈಡ್ ಎಂಜೈಮ್‌ಗಳನ್ನು ಒಂದಕ್ಕೊಂದು ಹೆಣೆದು ಬಲೆ ಮಾಡಿರುತ್ತದೆ. ಕೆಳಗಿನ ಸಿಸ್ಟಿಯಮೈನ್ ಬಿಟ್ಟರೂ ಬಲೆ ಹಾಗೆಯೇ ಮೇಲೆ ಮಲಗಿರಬಹುದು. ನೀರು, ಎಥನಾಲ್‌ಗೆ ಅದು ಅಲುಗುವುದಿಲ್ಲ. 190 ಮಿಲಿವೋಲ್ಟ್ ಬಂದದ್ದರಲ್ಲಿ ಇದರ ಪಾಲು ದೊಡ್ಡದು ಎಂದು ನನ್ನ ಅಂದಾಜು.

ಹಾಗಾಗಿ ಮೊದಲು ಒಂದು ನಿರ್ಧಾರ ಮಾಡಿ. ನಿಮಗೆ ವಾಪಸ್ ಬೇಕಾದದ್ದು ಯಾವುದು? ಎಂಜೈಮ್ ಪದರವಾ, ಬರಿ ಚಿನ್ನವಾ? ಮರುಬಳಕೆ ಎಂದು ಎರಡಕ್ಕೂ ಹೇಳುತ್ತಾರೆ, ಆದರೆ ಎರಡೂ ಬೇರೆ ಬೇರೆ ಕೆಲಸ. ಎಂಜೈಮ್ ಉಳಿಯಬೇಕು ಎಂದಾದರೆ ಆಸಿಡ್ ಬೇಡ, ಸ್ಕ್ಯಾನ್ ಬೇಡ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಹಿಡಿದ ಎಂಜೈಮನ್ನು 2-ಪ್ಯಾಮ್ ಅಂದರೆ ಪ್ರಾಲಿಡಾಕ್ಸಿಮ್ ಕೊಟ್ಟು ಎಬ್ಬಿಸಬಹುದು. ಆ ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವುದೂ ಅದನ್ನೇ. ತಡ ಮಾಡಬಾರದು. ಹೊತ್ತು ಕಳೆದರೆ ಎಂಜೈಮ್ ಮೇಲಿನ ಆ ಬಂಧ ಗಟ್ಟಿಯಾಗಿ, ಮತ್ತೆ ಏನು ಕೊಟ್ಟರೂ ಬಿಡಿಸಲಾಗುವುದಿಲ್ಲ.

ಬರಿ ಚಿನ್ನ ವಾಪಸ್ ಬೇಕಾದರೆ ನಾನು ತೆಳು ಫಿಲ್ಮ್‌ಗೆ ಮಾಡುವ ಕ್ರಮ ಹೇಳುತ್ತೇನೆ.

ಮೊದಲು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಕ್ಲೋರೈಡ್ ಪೂರ್ತಿ ಕಳೆಯಿರಿ. ನೀರು ಅತಿ ಶುದ್ಧ, 18.2 ಮೆಗಾಓಮ್‌ನದ್ದೇ ಆಗಬೇಕು. ಆಮೇಲೆ 50 ಮಿಲಿಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 3 ಪಾಲು, 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 1 ಪಾಲು ಬೆರೆಸಿ, 10 ನಿಮಿಷ ಚಿಪ್ಪನ್ನು ಅದರಲ್ಲಿಡಿ. ಪ್ರೋಟೀನ್ ಬಲೆ ಸಡಿಲವಾಗುವುದು ಇಲ್ಲಿ. ಮತ್ತೆ ನೀರು.

ಈಗ ಥಯಾಲ್ ಬಿಡಿಸುವುದು. ಬರೀ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ನೈಟ್ರೋಜನ್ ಬಿಟ್ಟು ಆಮ್ಲಜನಕ ಓಡಿಸಿ. ಮೈನಸ್ 0.2ರಿಂದ ಮೈನಸ್ 1.2 ವೋಲ್ಟ್ ತನಕ ಸ್ಕ್ಯಾನ್ ಮಾಡಿ. ಮೊದಲ ಸ್ಕ್ಯಾನ್‌ನಲ್ಲಿ ಒಂದು ಪೀಕ್ ಕಾಣುತ್ತದೆ. ಚಿನ್ನ-ಗಂಧಕದ ಬಂಧ ಎಲೆಕ್ಟ್ರಾನ್ ತೆಗೆದುಕೊಂಡು ಕಡಿಯುವುದು ಅದೇ. ಮುಂದಿನ ಸ್ಕ್ಯಾನ್‌ಗಳಲ್ಲಿ ಅದು ಚಿಕ್ಕದಾಗುತ್ತಾ ಹೋಗಿ ಮಾಯವಾಗಬೇಕು. ಬಿಟ್ಟ ಥಯಾಲ್ ಅಲ್ಲೇ ಎಲೆಕ್ಟ್ರೋಡ್ ಪಕ್ಕದಲ್ಲೇ ಇರುತ್ತದೆ. ವೋಲ್ಟೇಜ್ ತೆಗೆದ ಕೂಡಲೇ ವಾಪಸ್ ಬಂದು ಕೂರುತ್ತದೆ. ಆದ್ದರಿಂದ ನಡುವೆ ದ್ರಾವಣ ಬದಲಿಸಿ. ಇನ್ನೂ ನೆಗೆಟಿವ್ ಕಡೆಗೆ ಎಳೆಯುವ ಆಸೆ ಬೇಡ. ಹೈಡ್ರೋಜನ್ ಗುಳ್ಳೆ ಏಳಲು ಶುರುವಾದರೆ ತೆಳು ಫಿಲ್ಮ್ ಗಾಜಿನಿಂದ ಎದ್ದು ಬರುತ್ತದೆ.

ಕೊನೆಗೆ ಸಲ್ಫ್ಯೂರಿಕ್ ಆಸಿಡ್. ನಿಮ್ಮ ಚಿಪ್‌ಗೆ 0.05 ಮೋಲಾರ್ ಸಾಕು. 0ಯಿಂದ 1.5 ವೋಲ್ಟ್, ಗೆರೆ ಒಂದರ ಮೇಲೊಂದು ಕೂರುವ ತನಕ ಮಾತ್ರ. ದಪ್ಪ ಡಿಸ್ಕ್ ಎಲೆಕ್ಟ್ರೋಡ್ ಆದರೆ 0.5 ಮೋಲಾರ್‌ನಲ್ಲಿ ಎಷ್ಟು ಹೊತ್ತಾದರೂ ಓಡಿಸಬಹುದು. ಅದನ್ನು ಅಲ್ಯೂಮಿನಾ ಹಾಕಿ, 1 ಮೈಕ್ರಾನ್, 0.3, 0.05 ಎಂದು ಉಜ್ಜಲೂಬಹುದು. ಫಿಲ್ಮ್‌ಗೆ ಉಜ್ಜುವ ಮಾತೇ ಇಲ್ಲ. ರೆಫರೆನ್ಸ್ ಎಲೆಕ್ಟ್ರೋಡ್ ಒಳಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಅದು ಮೆಲ್ಲಗೆ ಸೋರುತ್ತದೆ. ಆಸಿಡ್ ಕೆಲಸಕ್ಕೆ ಸೋರಿಕೆ ತಡೆಯುವ ಎರಡನೇ ಕೋಣೆ, ಅಂದರೆ ಡಬಲ್ ಜಂಕ್ಷನ್ ಇರುವುದನ್ನು ಹಾಕಿ. ಮರ್ಕ್ಯುರಸ್ ಸಲ್ಫೇಟ್ ರೆಫರೆನ್ಸ್ ಇದ್ದರೆ ಇನ್ನೂ ಒಳ್ಳೆಯದು.

ಈಗ ನಿಮ್ಮ ಕೊನೆಯ ಪ್ರಶ್ನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದು. ಚಿನ್ನ ಹೊಳೆಯುತ್ತದೆ ಎಂದು ನೋಡಿ ಶುದ್ಧ ಎನ್ನಬಾರದು, ಅಳೆಯಬೇಕು. ಆಸಿಡ್ ಸ್ಕ್ಯಾನ್‌ನಲ್ಲಿ ವಾಪಸ್ ಬರುವಾಗ 0.9 ವೋಲ್ಟ್ ಸುತ್ತ ಚಿನ್ನದ ಆಕ್ಸೈಡ್ ಕಳೆಯುವ ಪೀಕ್ ಬರುತ್ತದೆ. ಆ ಪೀಕ್‌ನ ಒಟ್ಟು ಚಾರ್ಜ್ ಲೆಕ್ಕ ಹಾಕಿ. ಒಂದು ಚದರ ಸೆಂಟಿಮೀಟರ್ ಚಿನ್ನಕ್ಕೆ ಸುಮಾರು 400 ಮೈಕ್ರೋಕೂಲಂಬ್ ಎಂದು ಹಿಡಿಯುತ್ತಾರೆ. ಉದಾಹರಣೆಗೆ 2 ಮಿಲಿಮೀಟರ್ ವ್ಯಾಸದ ಡಿಸ್ಕ್ ತೆಗೆದುಕೊಳ್ಳಿ. ಅದರ ವಿಸ್ತೀರ್ಣ 0.0314 ಚದರ ಸೆಂಟಿಮೀಟರ್. ನುಣ್ಣಗಿದ್ದರೆ 12.6 ಮೈಕ್ರೋಕೂಲಂಬ್ ಬರಬೇಕು. 18.8 ಬಂದರೆ ನಿಜವಾದ ಮೇಲ್ಮೈ ಒಂದೂವರೆ ಪಟ್ಟು, ಅಂದರೆ ಅಷ್ಟು ಒರಟು ಎಂದು ಅರ್ಥ. ಪ್ರತಿ ಸಲ ಮೇಲಿನ ವೋಲ್ಟೇಜ್ ಒಂದೇ ಇರಲಿ. ಇಲ್ಲದಿದ್ದರೆ ಒಂದಕ್ಕೊಂದು ಹೋಲಿಸಲು ಆಗುವುದಿಲ್ಲ.

ಪ್ರತಿ ಚಿಪ್‌ಗೂ ಈ ಅಂಕಿ ಬರೆದಿಡಿ. ತೊಳೆದ ಮೇಲೆ ಮೊದಲಿನಷ್ಟೇ ಬಂದರೆ ಸರಿ. ಕಡಿಮೆ ಬಂದು, ಮತ್ತೆ ತೊಳೆದಾಗ ಏರಿದರೆ ಕೊಳೆ ಇತ್ತು ಎಂದರ್ಥ. ಸಲದಿಂದ ಸಲಕ್ಕೆ ಹೆಚ್ಚುತ್ತಾ ಹೋದರೆ ಮೇಲ್ಮೈ ಒರಟಾಗುತ್ತಿದೆ. ಎಷ್ಟು ತೊಳೆದರೂ ಏರದೆ ಇಳಿಯುತ್ತಲೇ ಹೋದರೆ ಚಿನ್ನವೇ ಹೋಗುತ್ತಿದೆ, ಆ ಚಿಪ್ಪನ್ನು ಬಿಟ್ಟುಬಿಡಿ. ಇಷ್ಟು ಸಲ ಎಂದು ಯಾರಾದರೂ ಒಂದು ಸಂಖ್ಯೆ ಹೇಳಿದರೆ ನಂಬಬೇಡಿ. ನಿಮ್ಮ ಚಿಪ್‌ನ ಸಂಖ್ಯೆಯನ್ನು ಈ ಅಳತೆ ಮಾತ್ರ ಹೇಳಬಲ್ಲದು. ಫೆರಿಸಯನೈಡ್‌ನ ಅಂತರವನ್ನೂ ನೋಡಿ, ಅದು ಆದರ್ಶವಾದ 59ರಷ್ಟು ಕೆಳಗೆ ಬರಬೇಕೆಂದಿಲ್ಲ, 80ರ ಒಳಗೆ ಬಂದರೆ ನಾನು ಒಪ್ಪುತ್ತೇನೆ. ಆದರೆ ಅದೊಂದನ್ನೇ ನಂಬಬೇಡಿ. ಕೊಳೆ ಇದೆಯಾ, ಚಿನ್ನವೇ ಕಡಿಮೆಯಾಗಿದೆಯಾ ಎಂದು ಅದು ಬಿಡಿಸಿ ಹೇಳುವುದಿಲ್ಲ.

ಮಧೂರು ಅಕ್ಕ:

ನಾನು ಲ್ಯಾಬ್ ಸುರಕ್ಷತೆ ನೋಡಿಕೊಳ್ಳುವವಳು. ಪಿರಾನ್ಹಾ ಬಗ್ಗೆ ಯಾರೂ ಹೇಳಲಿಲ್ಲ, ಹೇಳಲೇಬೇಕು.

ಅದು 3 ಪಾಲು ಸಾಂದ್ರ ಸಲ್ಫ್ಯೂರಿಕ್ ಆಸಿಡ್, 1 ಪಾಲು 30 ಶೇಕಡಾ ಪೆರಾಕ್ಸೈಡ್. ಬೆರೆಸಿದ ಕೂಡಲೇ ತಾನಾಗಿ ಕುದಿಯುವಷ್ಟು ಬಿಸಿಯಾಗುತ್ತದೆ. ಎಥನಾಲ್, ಅಸಿಟೋನ್ ತಾಗಿದರೆ ಸಿಡಿಯುತ್ತದೆ. ನೀವು ಚಿಪ್ಪನ್ನು ಎಥನಾಲ್‌ನಲ್ಲಿ ತೊಳೆಯುತ್ತೀರಿ, ಅಲ್ವಾ? ಅದೇ ಒದ್ದೆ ಚಿಪ್ ಪಿರಾನ್ಹಾಕ್ಕೆ ಬಿದ್ದರೆ ಏನಾಗಬಹುದು ಎಂದು ಯೋಚಿಸಿ. ಉಳಿದದ್ದನ್ನು ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದರೆ ಗ್ಯಾಸ್ ತುಂಬಿ ಬಾಟಲಿ ಒಡೆಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳುವಂತಿಲ್ಲ. ಕರೆಂಟ್ ಹೋದರೆ ಫ್ಯೂಮ್ ಹುಡ್‌ನ ಫ್ಯಾನ್ ನಿಲ್ಲುತ್ತದೆ, ನಿಮ್ಮ ಮುಂದೆ ಹೊಗೆಯಾಡುವ ಪಾತ್ರೆ ಇರುತ್ತದೆ. ಎಂಎಸ್ಸಿ ಪ್ರಾಜೆಕ್ಟ್‌ಗೆ ಅದು ಬೇಡ ಮಗಾ. ತೆಳು ಫಿಲ್ಮ್‌ಗೆ ಅದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ಕಿತ್ತು ಬರುವ ಸಾಧ್ಯತೆ ಉಂಟು.

ಯುವಿ-ಓಝೋನ್ ಯಂತ್ರ ಹತ್ತಿರದಲ್ಲಿ ಎಲ್ಲಾದರೂ ಇದ್ದರೆ ಅದನ್ನು ಕೇಳಿ ನೋಡಿ. 10–15 ನಿಮಿಷ ಇಟ್ಟರೆ ಮೇಲಿನ ಜೈವಿಕ ಕೊಳೆ ಸುಟ್ಟುಹೋಗುತ್ತದೆ, ಥಯಾಲ್ ಸಹ ನೀರಿಗೆ ಬಿಡುವ ರೂಪಕ್ಕೆ ಬರುತ್ತದೆ. ಆಮೇಲೆ ಎಥನಾಲ್‌ನಲ್ಲಿ ಅದ್ದಬೇಕು, ಚಿನ್ನದ ಮೇಲೆ ಆಗಿರುವ ತೆಳು ಆಕ್ಸೈಡ್ ಅದರಲ್ಲಿ ಕಳೆಯುತ್ತದೆ.

ಚಂದ್ರಗಿರಿಯವರು ಹೇಳಿದ ಪೆರಾಕ್ಸೈಡ್ ದ್ರಾವಣಕ್ಕೂ ಕನ್ನಡಕ, ಕೈಗವಸು ಬೇಕೇ ಬೇಕು. ಅದನ್ನೂ ಮುಚ್ಚಿಡಬಾರದು. ಇನ್ನೊಂದು, ಫೆರಿಸಯನೈಡ್ ಹಾಕಿದ ಸೆಲ್ಲನ್ನು ಚೆನ್ನಾಗಿ ತೊಳೆಯದೆ ಆಸಿಡ್ ಹಾಕಬೇಡಿ. ಚಿನ್ನದ ಮೇಲೆ ನೀಲಿ ಪೊರೆ ಕೂರುತ್ತದೆ, ಅದನ್ನು ತೆಗೆಯುವುದು ಇನ್ನೊಂದು ತಲೆನೋವು. ಅದರ ವೇಸ್ಟ್ ಮತ್ತು ಆಸಿಡ್ ವೇಸ್ಟ್ ಒಂದೇ ಕ್ಯಾನ್‌ಗೆ ಹೋಗಲೇಬಾರದು. ಬಲವಾದ ಆಸಿಡ್ ಸೇರಿ ಬಿಸಿಯಾದರೆ ಸಯನೈಡ್ ಗ್ಯಾಸ್ ಬರುತ್ತದೆ.

ಪೆರ್ಲದ ಹುಡುಗಿ:

ಆಚಾರಿಯಣ್ಣ, ಚಂದ್ರಗಿರಿ ಅಣ್ಣ, ಅಕ್ಕ, ಮೂವರಿಗೂ ತುಂಬ ಧನ್ಯವಾದ. ಬಫರ್‌ನಲ್ಲಿ ಉಪ್ಪು ಉಂಟು, 137 ಮಿಲಿಮೋಲಾರ್. ನೀವು ಹೇಳಿದಂತೆ ಒಂದು ಹಳೆಯ ಚಿಪ್ ತೊಳೆದೆ. ಮೈನಸ್ ಕಡೆಯ ಪೀಕ್ ಕಾಣಿಸಿ ಮಾಯವಾಯಿತು. ಫೆರಿಸಯನೈಡ್ ಅಂತರ 190ರಿಂದ 84ಕ್ಕೆ ಇಳಿಯಿತು. ಆಕ್ಸೈಡ್ ಚಾರ್ಜ್ ಮಾತ್ರ ಹೊಸ ಚಿಪ್‌ನ ಮುಕ್ಕಾಲು ಪಾಲು, ಇನ್ನೊಮ್ಮೆ ತೊಳೆದರೂ ಏರಲಿಲ್ಲ. ಅಂದರೆ ಆ ಚಿಪ್‌ನ ಅಂಚು ಹೋಗಿಯೇ ಬಿಟ್ಟಿದೆ ಎಂದು ಅರ್ಥವಾಯಿತು.

ಇನ್ನೆರಡು ಸಂಶಯ. ನಮ್ಮ ತೋಟದ ಬಾವಿ ನೀರು ಹಾಕಿದ ಚಿಪ್‌ನಲ್ಲಿ ಮಾತ್ರ ಆಸಿಡ್ ಸ್ಕ್ಯಾನ್‌ನಲ್ಲಿ 0.3 ವೋಲ್ಟ್ ಹತ್ತಿರ ಒಂದು ಚಿಕ್ಕ ಪೀಕ್ ಬರುತ್ತದೆ. ಲ್ಯಾಬ್ ನೀರಿನ ಚಿಪ್‌ಗಳಲ್ಲಿ ಇಲ್ಲ. ಎರಡನೆಯದು, ಮನೆಯಲ್ಲಿ ಅಜ್ಜ ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಎಂಡೋಸಲ್ಫಾನ್ ಗೊತ್ತಾಗುತ್ತದಾ ಎಂದು.

ಚಂದ್ರಗಿರಿ ದಡ:

ಅಡಿಕೆಗೆ ಮದ್ದು ಬಿಟ್ಟಾಯಿತಾ? ಆ ಪೀಕ್ ತಾಮ್ರದ್ದೇ ಇರಬೇಕು. ಕೊಳೆರೋಗಕ್ಕೆ ಬಿಡುವ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆಗೆ ಮೊದಲು ಒಮ್ಮೆ, ಒಂದೂವರೆ ತಿಂಗಳು ಬಿಟ್ಟು ಇನ್ನೊಮ್ಮೆ. ತೋಟದ ಮಧ್ಯದ ಬಾವಿಗೆ ಅದು ಇಳಿಯದೆ ಇರುತ್ತದಾ? ಚಿನ್ನದ ಮೇಲೆ ತಾಮ್ರದ ಮೊದಲ ಪದರ ಬಹಳ ಸುಲಭವಾಗಿ ಕೂರುತ್ತದೆ, ತಾಮ್ರದ ಮೇಲೆ ತಾಮ್ರ ಕೂರುವುದಕ್ಕಿಂತಲೂ ಸುಲಭವಾಗಿ. ಪ್ಲಸ್ ಕಡೆಗೆ ಸ್ಕ್ಯಾನ್ ಮಾಡುವಾಗ ಬಿಟ್ಟು ಹೋಗುತ್ತದೆ. ನೀವು ಕಂಡದ್ದು ಹಾಗೆ ಬಿಟ್ಟು ಹೋಗುವ ಪೀಕ್. ಖಾತ್ರಿ ಮಾಡಬೇಕಾದರೆ ಲ್ಯಾಬ್ ನೀರಿಗೆ ಒಂದು ಹನಿ ತುತ್ತದ ದ್ರಾವಣ ಹಾಕಿ ನೋಡಿ. ಪೀಕ್ ಅದೇ ಜಾಗದಲ್ಲಿ ಬಂದರೆ ಸಂಶಯವಿಲ್ಲ. ತಾಮ್ರ ಥಯಾಲ್‌ಗಳನ್ನೂ ಹಿಡಿದುಕೊಳ್ಳುತ್ತದೆ. ಅಂದರೆ ಥಯೋಕೋಲಿನ್ ಕಡಿಮೆಯಾಗಿ, ಇಲ್ಲದ ಕೀಟನಾಶಕ ಇದೆ ಎಂದು ನಿಮ್ಮ ಸೆನ್ಸರ್ ಹೇಳಬಹುದು. ಸ್ಯಾಂಪಲ್‌ಗೆ ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ಸ್ವಲ್ಪ ಸೇರಿಸಿ ಹೋಲಿಸಿ.

ಅಜ್ಜನಿಗೆ ನಿಜ ಹೇಳಿ. ಈ ಸೆನ್ಸರ್‌ಗೆ ಎಂಡೋಸಲ್ಫಾನ್ ಗೊತ್ತಾಗುವುದಿಲ್ಲ. ಅದು ಆರ್ಗನೋಕ್ಲೋರಿನ್ ಜಾತಿಯದ್ದು, ಅದರ ದಾಳಿ ನರಗಳ ಬೇರೆ ಜಾಗದ ಮೇಲೆ. ನಿಮ್ಮ ಎಂಜೈಮ್ ಹಿಡಿಯುವುದು ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್‌ಗಳನ್ನು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿದ ಊರಿನಲ್ಲಿ ಕೂತು "ನೀರು ಶುದ್ಧ" ಎಂದು ಒಂದು ಪೆಟ್ಟಿಗೆ ಹೇಳಿದರೆ ಜನ ಎಲ್ಲ ವಿಷಕ್ಕೂ ಅದೇ ಉತ್ತರ ಎಂದುಕೊಳ್ಳುತ್ತಾರೆ. ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ ಎಂದು ಪೆಟ್ಟಿಗೆಯ ಮೇಲೆಯೇ ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಇದನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಕ್ಲೋರ್‌ಪೈರಿಫಾಸ್ ಎಂಬ ಆರ್ಗನೋಫಾಸ್ಫೇಟ್ ಸಹ ಹಾಗೆಯೇ ಹಾಕಿದರೆ ಎಂಜೈಮನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದು ಆಕ್ಸಿಡೈಸ್ ಆಗಿ ಆಕ್ಸಾನ್ ರೂಪಕ್ಕೆ ಬಂದ ಮೇಲೆ ಬಲ. ಅದಕ್ಕೆ ಕೆಲವರು ಸ್ಯಾಂಪಲ್‌ಗೆ ಬ್ರೋಮಿನ್ ನೀರು ಹಾಕುತ್ತಾರೆ. ಹಾಕುವುದಾದರೆ ಬೇರೆ ಟ್ಯೂಬ್‌ನಲ್ಲಿ ಹಾಕಿ, ಉಳಿದ ಬ್ರೋಮಿನ್ ಪೂರ್ತಿ ಕಳೆದ ಮೇಲೆ ಮಾತ್ರ ಚಿಪ್ ಮೇಲೆ ಬಿಡಿ. ಬ್ರೋಮಿನ್ ಕೂಡ ಚಿನ್ನವನ್ನು ತಿನ್ನುತ್ತದೆ.

ನನ್ನನ್ನು ಕೇಳಿದರೆ ಎಂಜೈಮನ್ನು ಚಿನ್ನದ ಮೇಲೆ ಕಟ್ಟುವುದನ್ನೇ ಬಿಟ್ಟುಬಿಡಿ. ಮ್ಯಾಗ್ನೆಟಿಕ್ ಬೀಡ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಸಣ್ಣ ಮಣಿಗಳ ಮೇಲೆ ಕಟ್ಟಿ, ಅಲ್ಲೇ ಥಯೋಕೋಲಿನ್ ಆಗಲಿ. ಆ ನೀರನ್ನು ಮಾತ್ರ ಚಿನ್ನಕ್ಕೆ ಕೊಡಿ. ಆಗ ಚಿನ್ನದಿಂದ ತೆಗೆಯಬೇಕಾದದ್ದು ಥಯೋಕೋಲಿನ್ ಒಂದೇ. ಹೈಡ್ರಾಕ್ಸೈಡ್‌ನಲ್ಲಿ ಮೈನಸ್ ಸ್ಕ್ಯಾನ್ ಮಾಡಿದರೆ ಬಿಡುತ್ತದೆ, ಆಸಿಡ್ ಆಗೊಮ್ಮೆ ಈಗೊಮ್ಮೆ ಸಾಕು. ಫಿಲ್ಮ್ ಜಾಸ್ತಿ ದಿನ ಬಾಳುತ್ತದೆ.

ಪೆರ್ಲದ ಹುಡುಗಿ:

ಬೀಡ್ ವಿಷಯ ಗೈಡ್ ಹತ್ತಿರ ಮಾತಾಡಿದೆ, ಒಪ್ಪಿದ್ದಾರೆ. ಒಂದು ಕೊನೆಯ ಪ್ರಶ್ನೆ. ತೊಳೆದ ಚಿಪ್ಪನ್ನು ಮರುದಿನಕ್ಕೆ ಇಡಬಹುದಾ?

ಚಂದ್ರಗಿರಿ ದಡ:

ಇಡಬೇಡಿ. ಗಾಳಿಯಲ್ಲಿರುವ ಎಣ್ಣೆ ಜಾತಿಯ ಅಣುಗಳು ಶುದ್ಧ ಚಿನ್ನದ ಮೇಲೆ ಬೇಗ ಕೂರುತ್ತವೆ. ಒಂದು ಹನಿ ನೀರು ಬಿಟ್ಟು ನೋಡಿ. ಈಗಷ್ಟೇ ತೊಳೆದ ಚಿನ್ನದ ಮೇಲೆ ನೀರು ಹರಡುತ್ತದೆ. ಸ್ವಲ್ಪ ಹೊತ್ತು ಹೊರಗಿಟ್ಟರೆ ಹನಿ ಗುಂಡಗೆ ನಿಲ್ಲುತ್ತದೆ. ತೊಳೆದ ದಿನವೇ ಬಳಸಿ. ಇಡಲೇಬೇಕಾದರೆ ಕೊಳೆ ಚಿಪ್ಪನ್ನೇ ನೀರಿನಲ್ಲಿ ತೊಳೆದು ಒಣಗಿಸಿಡಿ, ಬಳಸುವ ದಿನ ಬೆಳಿಗ್ಗೆ ಪೂರ್ತಿ ಕ್ರಮ ಮಾಡಿ. ಹೊಸ ಚಿಪ್‌ಗೂ ಇದೇ ಕ್ರಮ. ಪ್ಯಾಕೆಟ್‌ನಿಂದ ಈಗ ತೆಗೆದದ್ದು ಎಂದು ಅದನ್ನು ಶುದ್ಧ ಎಂದುಕೊಳ್ಳಬೇಡಿ, ಅದರ ಮೊದಲ ಚಾರ್ಜ್ ಅಂಕಿಯನ್ನೂ ಆಸಿಡ್ ಸ್ಕ್ಯಾನ್ ಆದ ಮೇಲೆಯೇ ಬರೆಯಿರಿ.